ಹಳೆಯ ವೆಸ್ಪಾಗೆ ಹೊಸ ಕಾಲದ ಎಂಜಿನ್: ಅಳತೆಯಿಂದ ಮೊದಲ ಓಟದವರೆಗೆ

ಹಳೆಯ ಸ್ಕೂಟರಿಗೆ ಬೇರೆ ಎಂಜಿನ್ ಕೂರಿಸೋದು ಅಂದ್ರೆ ಎರಡು ಬೋಲ್ಟ್ ಬಿಚ್ಚಿ ಎರಡು ಬೋಲ್ಟ್ ಹಾಕುವ ಕೆಲಸ ಎನ್ನುವವರು ಸಿಗುತ್ತಾರೆ. ವೆಸ್ಪಾ ಮಟ್ಟಿಗೆ ಅದು ಸುಳ್ಳೂ ಅಲ್ಲ. ಎಂಜಿನ್ ಮುಂದೆ ಒಂದು ಉದ್ದ ಬೋಲ್ಟಿನ ಮೇಲೆ ತೂಗುತ್ತದೆ, ಹಿಂದೆ ಶಾಕ್ ಅಬ್ಸಾರ್ಬರಿಗೆ ಒಂದು ಬೋಲ್ಟ್. ಅಷ್ಟೇ. ಆದರೆ ಆ ಎಂಜಿನ್ ಹಳೆಯ ಬಾಡಿಯ ಜೊತೆ ಹೊಂದಿಕೊಂಡು ವರ್ಷಗಟ್ಟಲೆ ಓಡಬೇಕು. ಅದಕ್ಕೆ ವೈರಿಂಗ್, ಕೇಬಲ್, ಪೆಟ್ರೋಲ್ ಪೈಪ್, ಚಕ್ರ, ಬ್ರೇಕ್ ಎಲ್ಲವೂ ಹೊಸ ಎಂಜಿನ್ನಿಗೆ ಒಗ್ಗಬೇಕು. ಟೈಮ್ ಹೋಗುವುದು ಅಲ್ಲೇ, ಆಮೇಲೆ ದಾರಿಯಲ್ಲಿ ಕೈಕೊಡುವುದೂ ಅಲ್ಲೇ.

ಇಲ್ಲಿ ಹೇಳುವುದು ದೊಡ್ಡ ಬಾಡಿಯ ಹಳೆಯ ವೆಸ್ಪಾಗೆ ಪಿಎಕ್ಸ್ ಎಂಬ ನಂತರದ ವೆಸ್ಪಾ ಮಾದರಿಯ ಜಾತಿಯ ಎಂಜಿನ್ ಹಾಕುವ ಬಗ್ಗೆ. ವಿಬಿಬಿ, ಸ್ಪ್ರಿಂಟ್, ರ‍್ಯಾಲಿ ಎಲ್ಲ ಈ ದೊಡ್ಡ ಬಾಡಿಯ ಗುಂಪಿನವು. ಬೇರೆ ಸ್ಕೂಟರ್ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಯಾವ ಎಂಜಿನ್?

ವೆಸ್ಪಾ ಶುರುವಾದದ್ದು 1946ರಲ್ಲಿ. ಪಿಎಕ್ಸ್ ಬಂದದ್ದು 1977ರಲ್ಲಿ. ನಡುವೆ ಎಷ್ಟೋ ಬದಲಾವಣೆ ಆದರೂ ಮೂಲ ವಿನ್ಯಾಸ ಮಾತ್ರ ಹಾಗೇ ಉಳಿಯಿತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಮೂರೂ ಒಂದೇ ಗಂಟು, ನಡುವೆ ಚೈನೂ ಇಲ್ಲ, ಬೆಲ್ಟೂ ಇಲ್ಲ. ಹಾಗಾಗಿಯೇ ನಂತರದ ಕಾಲದ ಎಂಜಿನ್ ಹಿಂದಿನ ಕಾಲದ ಬಾಡಿಯಲ್ಲಿ ಕೂರುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳು ಇವು. ಪಿಎಕ್ಸ್ 125, 150 ಅಥವಾ 200ರ ಎರಡು-ಸ್ಟ್ರೋಕ್ ಎಂಜಿನ್ ಒಂದು. ಅದೇ ವಿನ್ಯಾಸದ ಮೇಲೆ ಭಾರತದ ಎಲ್‌ಎಂಎಲ್ ಕಂಪನಿ ಮಾಡಿದ ರೀಡ್ ವಾಲ್ವ್ ಎಂಜಿನ್ (ತೆಳು ಎಲೆಗಳು ತೆರೆದು ಮುಚ್ಚಿ ಮಿಶ್ರಣ ಒಳಬಿಡುವಂಥದ್ದು) ಇನ್ನೊಂದು. ಎಲ್‌ಎಂಎಲ್‌ನದೇ ಕೈ ಗೇರಿನ ನಾಲ್ಕು-ಸ್ಟ್ರೋಕ್ ಮೂರನೆಯದು. ಇದು ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲದ್ದು. ಆದರೆ ಸೈಡ್ ಪ್ಯಾನೆಲ್, ಏರ್ ಫಿಲ್ಟರ್, ಸೈಲೆನ್ಸರ್ ಇವುಗಳ ಜಾಗದಲ್ಲಿ ತಕರಾರು ಜಾಸ್ತಿ. ಕೊನೆಯದು ಜಿವೈ6 ತರಹದ, ಕೈ ಗೇರ್ ಇಲ್ಲದ ಬೆಲ್ಟ್ ಎಂಜಿನ್. ಅದಕ್ಕೆ ಫ್ರೇಮ್ ಕತ್ತರಿಸಿ, ಬ್ರಾಕೆಟ್ ವೆಲ್ಡ್ ಮಾಡಿ ಜಾಗ ಮಾಡಬೇಕು.

ನನ್ನ ಮಾತು ಕೇಳುವುದಾದರೆ ಮೊದಲ ಎರಡರಲ್ಲಿ ಒಂದನ್ನು ಆರಿಸಿ. ಬೆಲ್ಟ್ ಎಂಜಿನ್ನಿಗಾಗಿ ಹಳೆಯ ಫ್ರೇಮ್ ಕತ್ತರಿಸಿದರೆ ಮತ್ತೆ ಹಿಂದಿನಂತೆ ಮಾಡಲು ಆಗುವುದಿಲ್ಲ. ಪಿಎಕ್ಸ್ ಎಂಜಿನ್ ಹಾಕಿದರೆ ನಾಳೆ ಮನಸ್ಸು ಬದಲಾದರೂ ಹಳೆಯ ಎಂಜಿನ್ ವಾಪಸ್ ಕೂರಿಸಬಹುದು. ಆ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಆಯಿಲ್ ಸವರಿ, ಅದರ ತೂತುಗಳನ್ನು ಮುಚ್ಚಿ, ಮೂಲೆಯಲ್ಲಿಡಿ.

ಎಷ್ಟು ಶಕ್ತಿ ಬೇಕು ಎಂಬುದೂ ಮುಖ್ಯ. ವಿಬಿಬಿಯ 150 ಸಿಸಿ ಎಂಜಿನ್ ಕೊಡುತ್ತಿದ್ದುದು 6 ಎಚ್‌ಪಿಗಿಂತ ಕಡಿಮೆ. ಪಿಎಕ್ಸ್ 150 ಕೊಡುವುದು 8ರ ಆಸುಪಾಸು, 200 ಕೊಡುವುದು 12ರ ಹತ್ತಿರ. ಅಂದರೆ 200 ಹಾಕಿದರೆ ಶಕ್ತಿ ಎರಡರಷ್ಟು, ಮುಂದಿನ ಬ್ರೇಕ್ ಮಾತ್ರ ಹಳೆಯ ಕಾಲದ್ದೇ. ಎಂಟು ಇಂಚಿನ ಚಕ್ರದ ಬಾಡಿಗೆ 150 ಸಾಕು ಅನ್ನೋದು ನನ್ನ ಲೆಕ್ಕ.

ಸ್ಮಾಲ್‌ಫ್ರೇಮ್ ಎನ್ನುವ ಚಿಕ್ಕ ಬಾಡಿಯ ವೆಸ್ಪಾಗಳಿಗೆ, ಅಂದರೆ ಪ್ರೈಮವೇರಾ, ಇಟಿ3 ಅಂಥವಕ್ಕೆ, ಪಿಎಕ್ಸ್ ಎಂಜಿನ್ ಕೂರುವುದಿಲ್ಲ. ಅವುಗಳ ವಂಶವೇ ಬೇರೆ. ಲ್ಯಾಂಬ್ರೆಟ್ಟಾ ಇದ್ದವರಿಗೆ ಅವರದೇ ದಾರಿ ಇದೆ. ಇನ್ನೊಚೆಂಟಿ ಕಂಪನಿ ಲ್ಯಾಂಬ್ರೆಟ್ಟಾ ತಯಾರಿ ನಿಲ್ಲಿಸಿದ್ದು 1971ರಲ್ಲೇ ಆದರೂ, ಅದಕ್ಕೆ ಕೂರುವಂಥ ಹೊಸ ಎಂಜಿನ್ ಕೇಸುಗಳನ್ನು ಇವತ್ತಿಗೂ ಎರಕ ಹೊಯ್ಯುತ್ತಾರೆ.

ಇನ್ನೊಂದು ಮಾತು, ದುಡ್ಡು ಕೊಡುವ ಮೊದಲೇ. ಎಂಜಿನ್ ನಂಬರ್ ಬದಲಾಗುತ್ತದೆ. ನಿಮ್ಮಲ್ಲಿನ ನೋಂದಣಿ ನಿಯಮ ಏನು ಹೇಳುತ್ತದೆ, ಸಿಸಿ ಹೆಚ್ಚಾದರೆ ಒಪ್ಪುತ್ತಾರಾ, ವಿಮೆಯವರಿಗೆ ತಿಳಿಸಬೇಕಾ, ಇದೆಲ್ಲ ಮೊದಲು ಕೇಳಿಕೊಳ್ಳಿ. ಕೊಳ್ಳುವ ಎಂಜಿನ್ನಿನ ನಂಬರ್ ತಿದ್ದಿದಂತೆ ಅಥವಾ ಉಜ್ಜಿದಂತೆ ಕಂಡರೆ ಮುಟ್ಟಲೇ ಬೇಡಿ.

ಅಳತೆ ಮೊದಲು

ಹಳೆಯ ಎಂಜಿನ್ ಇನ್ನೂ ಗಾಡಿಯಲ್ಲಿ ಇರುವಾಗಲೇ ಅಳತೆ ತೆಗೆದುಕೊಳ್ಳಿ. ಮುಖ್ಯವಾದವು ನಾಲ್ಕು.

ಮೊದಲನೆಯದು, ಫ್ರೇಮಿನಲ್ಲಿ ಎಂಜಿನ್ ಬೋಲ್ಟ್ ಹಾಯುವ ಎರಡು ಕಿವಿಗಳ ನಡುವಿನ ಅಗಲ. ಪಿಎಕ್ಸ್ ಎಂಜಿನ್ನಿನ ರಬ್ಬರ್ ಬುಷ್‌ಗಳ ಆಕಾರವೂ ಅಗಲವೂ ಹಳೆಯ ಮಾದರಿಗಳದ್ದಕ್ಕಿಂತ ಬೇರೆ. ಪಿಎಕ್ಸ್ ಬುಷ್ ಇದ್ದ ಹಾಗೇ ತುರುಕಲು ಹೋದರೆ ಕಿವಿಗಳ ನಡುವೆ ಇಳಿಯುವುದೇ ಇಲ್ಲ. ಸುತ್ತಿಗೆಯಲ್ಲಿ ಬಡಿದು ಕಿವಿ ಅಗಲ ಮಾಡುವವರೂ ಇದ್ದಾರೆ. ಆಮೇಲೆ ಆ ಕಿವಿ ಬಿರುಕು ಬಿಡುತ್ತದೆ. ಹಳೆಯ ಫ್ರೇಮಿಗೆ ಪಿಎಕ್ಸ್ ಎಂಜಿನ್ ಕೂರಿಸಲೆಂದೇ ಮಾಡಿದ ಬುಷ್ ಸೆಟ್ ಸಿಗುತ್ತದೆ, ಅದನ್ನೇ ತರಿಸಿ.

ಎರಡನೆಯದು ಚಕ್ರ. ಪಿಎಕ್ಸ್ ಎಂಜಿನ್ ಹಿಂದಿನ ಡ್ರಮ್ಮಿನ ಸಮೇತ ಬರುವುದು 10 ಇಂಚಿನ ಚಕ್ರಕ್ಕೆ. ನಿಮ್ಮ ಗಾಡಿ 8 ಇಂಚಿನದಾದರೆ ಟೈರಿನ ಹೊರ ಅಳತೆ ಸುಮಾರು 5 ಸೆಂ.ಮೀ. ಹೆಚ್ಚುತ್ತದೆ, ಗಾಡಿಯ ಹಿಂಭಾಗ ಅದರ ಅರ್ಧದಷ್ಟು ಮೇಲೇಳುತ್ತದೆ. ಟೈರು ಬಾಡಿಯ ಒಳಭಾಗಕ್ಕೆ ಉಜ್ಜಬಹುದು. ಹಳೆಯ ಸೆಂಟರ್ ಸ್ಟಾಂಡ್ ಗಿಡ್ಡ ಅನ್ನಿಸಬಹುದು. ಮುಂದೆ 8, ಹಿಂದೆ 10 ಆದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ, ಗಾಡಿ ಮೂಗು ತಗ್ಗಿಸಿಕೊಂಡು ಓಡುತ್ತದೆ. ಸ್ಪ್ರಿಂಟ್, ರ‍್ಯಾಲಿ ತರಹದ 10 ಇಂಚಿನ ಗಾಡಿಗಳಿಗೆ ಈ ತಲೆನೋವು ಇಲ್ಲ.

ಮೂರನೆಯದು ಶಾಕ್ ಅಬ್ಸಾರ್ಬರಿನ ಉದ್ದ, ಅದರ ಕೆಳಗಿನ ಕಣ್ಣಿನ ಅಗಲ, ಬೋಲ್ಟಿನ ದಪ್ಪ. ನಾಲ್ಕನೆಯದು ಸೈಲೆನ್ಸರ್ ಬರುವ ಜಾಗ. ಸ್ಟಾಂಡ್ ಎತ್ತಿದಾಗ, ಇಳಿಸಿದಾಗ ಎರಡೂ ಸಲ ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಬರೆದಿಡಿ.

ಅಳತೆ ಮಾಡುವಾಗ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ. ಎಂಜಿನ್ ಬೋಲ್ಟಿನ ಸುತ್ತ, ಶಾಕ್ ಅಬ್ಸಾರ್ಬರ್ ಮೇಲೆ ಕೂರುವ ಜಾಗ, ಕಾಲಿಡುವ ಹಲಗೆಯ ಕೆಳಭಾಗ, ಎಲ್ಲ ಕಡೆ ಚುಚ್ಚಿ ನೋಡಿ. ಪೇಂಟ್ ಚೆನ್ನಾಗಿ ಕಂಡರೂ ಒಳಗೆ ತುಕ್ಕು ತಿಂದು ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿದ್ದರೆ, ಹೊಸ ಎಂಜಿನ್ ಆಮೇಲೆ. ಮೊದಲು ತಗಡಿನ ಕೆಲಸ. ವೆಲ್ಡಿಂಗ್ ಮಾಡಿಸುವುದಾದರೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನಲ್ಲಿ ಇರುವ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯ.

ಎಂಜಿನ್ನನ್ನು ಬೆಂಚಿನ ಮೇಲೇ ಪರೀಕ್ಷಿಸಿ

‘ಓಡ್ತಾ ಇತ್ತು ಸಾರ್’ ಎಂದು ಮಾರಿದ ಎಂಜಿನ್ನನ್ನು ಹಾಗೇ ಕೂರಿಸಬೇಡಿ. ಗಾಡಿಗೆ ಹಾಕಿದ ಮೇಲೆ ಬಿಚ್ಚುವುದಕ್ಕಿಂತ ಬೆಂಚಿನ ಮೇಲೆ ಬಿಚ್ಚುವುದು ಎಷ್ಟೋ ಸುಲಭ, ಅಲ್ವಾ?

ಎರಡು-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೋಣೆಗೆ ಹೊರಗಿನ ಗಾಳಿ ನುಗ್ಗಬಾರದು. ಕ್ರ್ಯಾಂಕಿನ ಎರಡೂ ತುದಿಗೆ ಆಯಿಲ್ ಸೀಲ್ ಇರುತ್ತವೆ. ಮ್ಯಾಗ್ನೆಟ್ (ಕರೆಂಟು ಹುಟ್ಟಿಸುವ ಫ್ಲೈವೀಲ್) ಕಡೆಯ ಸೀಲ್ ಹೋದರೆ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ. ಎಂಜಿನ್ ತಾನೇ ತಾನಾಗಿ ರೇಸ್ ಆಗುತ್ತದೆ, ಕೊನೆಗೆ ಪಿಸ್ಟನ್ ಸೀಜ್. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಮಾಯ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಎಂಜಿನ್ನಿನಲ್ಲಿ ರಬ್ಬರ್ ಗಟ್ಟಿಯಾಗಿರುತ್ತದೆ. ಎರಡೂ ಸೀಲ್ ಬದಲಿಸುವುದೇ ಲೇಸು.

ಲೀಕ್ ಟೆಸ್ಟ್ ಮಾಡಲು ದೊಡ್ಡ ಸಲಕರಣೆ ಬೇಡ. ಕಾರ್ಬುರೇಟರ್ ಕೂರುವ ಬಾಯಿ ಮತ್ತು ಸೈಲೆನ್ಸರ್ ಬಾಯಿ ಎರಡನ್ನೂ ರಬ್ಬರ್ ತುಂಡು ಇಟ್ಟು ಬಿಗಿಯಾಗಿ ಮುಚ್ಚಿ. ಪ್ಲಗ್ ತೂತಿನಿಂದ ಗೇಜ್ ಇರುವ ಕೈಪಂಪಿನಲ್ಲಿ ಅರ್ಧ ಬಾರ್‌ಗಿಂತ ಮೇಲೆ ಹೋಗದ ಹಾಗೆ ಗಾಳಿ ತುಂಬಿ. ಆ ತೂತು ಕ್ರ್ಯಾಂಕ್ ಕೋಣೆಗೆ ಸೇರಬೇಕಾದರೆ ಪಿಸ್ಟನ್ ಕೆಳಗೆ ಇದ್ದು ಪೋರ್ಟುಗಳು ತೆರೆದಿರಬೇಕು. ಐದು ನಿಮಿಷ ಮುಳ್ಳು ಅಲುಗದೆ ನಿಂತರೆ ಸರಿ. ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಲೀಕು. ಎಲ್ಲೂ ಗುಳ್ಳೆ ಇಲ್ಲದೆ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಸೀಲ್. ಗೇರ್ ಆಯಿಲ್ ಹಾಕುವ ತೂತಿನ ಮೇಲೆ ಸೋಪಿನ ನೀರಿನ ಪೊರೆ ಎಳೆದರೆ ಅದು ಉಬ್ಬುವುದು ಕಾಣುತ್ತದೆ.

ಪಿಎಕ್ಸ್ ಎಂಜಿನ್ನಿನಲ್ಲಿ ಇನ್ನೊಂದು ನೋಡಲೇಬೇಕಾದ ಜಾಗ ಇದೆ. ಕಾರ್ಬುರೇಟರ್ ಬಿಚ್ಚಿ, ಕೆಳಗಿನ ತೂತಿನಲ್ಲಿ ಟಾರ್ಚ್ ಬಿಡಿ. ಕ್ರ್ಯಾಂಕಿನ ದುಂಡು ಅಂಚು ಕೇಸಿನ ಒಂದು ನುಣುಪಾದ ಜಾಗಕ್ಕೆ ಕೂದಲೆಳೆ ಅಂತರದಲ್ಲಿ ತಿರುಗುತ್ತಿರುತ್ತದೆ. ಪೆಟ್ರೋಲ್ ಮಿಶ್ರಣ ಯಾವಾಗ ಒಳಬರಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವುದೇ ಅದು. ಆ ಜಾಗದಲ್ಲಿ ಆಳವಾದ ಗೀರು, ಕಿತ್ತುಹೋದ ಗುರುತು ಇದ್ದರೆ ಆ ಎಂಜಿನ್ ಬಿಟ್ಟುಬಿಡಿ. ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕಾರ್ಬುರೇಟರಿನಿಂದ ಪೆಟ್ರೋಲ್ ವಾಪಸ್ ಉಗುಳುತ್ತದೆ. ಎಲ್‌ಎಂಎಲ್ ರೀಡ್ ವಾಲ್ವ್ ಎಂಜಿನ್ನಿನಲ್ಲಿ ಈ ಜಾಗ ಇಲ್ಲ. ಅಲ್ಲಿ ರೀಡ್ ಎಲೆಗಳು ಬಿರುಕು ಬಿಟ್ಟಿಲ್ಲವಾ ಎಂದು ನೋಡಿದರೆ ಆಯಿತು.

ಕೇಸ್ ಬಿಚ್ಚುವ ಪ್ರಸಂಗ ಬಂದರೆ ಗೇರ್ ಕ್ರಾಸನ್ನೂ ಬದಲಿಸಿ. ನಾಲ್ಕು ಕೈಯ ಈ ಚಿಕ್ಕ ತುಂಡಿನ ಮೂಲೆಗಳು ಸವೆದರೆ ಗೇರ್ ಓಡುತ್ತಿರುವಾಗಲೇ ಜಾರುತ್ತದೆ. ತುಂಡು ಅಗ್ಗ, ಅದನ್ನು ತಲುಪಲು ಬೇಕಾದ ಶ್ರಮ ಮಾತ್ರ ಅಗ್ಗ ಅಲ್ಲ.

ಆಟೋಲ್ಯೂಬ್ ವಿಷಯ ಇಲ್ಲೇ ಮುಗಿಸಿ. ಪಿಎಕ್ಸ್ ಎಂಜಿನ್ನುಗಳಲ್ಲಿ ಕೆಲವಕ್ಕೆ ಕಾರ್ಬುರೇಟರ್ ಡಬ್ಬಿಯೊಳಗೆ ಆಯಿಲ್ ಪಂಪ್ ಇರುತ್ತದೆ. ಅದಕ್ಕೆ ಬೇರೆ ಆಯಿಲ್ ಟ್ಯಾಂಕ್ ಬೇಕು. ಹಳೆಯ ಬಾಡಿಯಲ್ಲಿ ಆ ಟ್ಯಾಂಕ್ ಇಲ್ಲ. ಪಂಪ್ ಇದೆಯಲ್ಲ ಎಂದು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸ್ವಲ್ಪ ದೂರದಲ್ಲೇ ಹಿಡಿದುಕೊಳ್ಳುತ್ತದೆ. ಪಂಪ್ ತೆಗೆದು, ಪಂಪಿಲ್ಲದ ಡಬ್ಬಿ ಹಾಕಿ, ಪೆಟ್ರೋಲಿಗೆ 2 ಶೇಕಡಾ ಆಯಿಲ್ ಬೆರೆಸುವ ಪದ್ಧತಿಗೆ ಬನ್ನಿ. ಲೀಟರಿಗೆ 20 ಎಂಎಲ್. ಟ್ಯಾಂಕಿನ ಮುಚ್ಚಳದ ಕೆಳಗೆ ಒಂದು ಚೀಟಿ ಅಂಟಿಸಿ, ಗಾಡಿ ಬೇರೆಯವರ ಕೈಗೆ ಹೋದಾಗ ಕೆಲಸಕ್ಕೆ ಬರುತ್ತದೆ.

ಹಳೆಯ ಎಂಜಿನ್ ಇಳಿಸುವುದು

ಏನನ್ನೂ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಪ್ರತಿ ಕೇಬಲ್, ಪ್ರತಿ ವೈರು, ಎರಡು ಕೋನದಿಂದ. ಆಮೇಲೆ ಒಂದೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯಿರಿ.

ಚಕ್ರ ನೆಲದ ಮೇಲೆ ಇರುವಾಗಲೇ ಎಂಜಿನ್ ಬೋಲ್ಟಿನ ನಟ್ ಸಡಿಲ ಮಾಡಿಕೊಳ್ಳಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಪೈಪ್ ಬಿಚ್ಚಿ. ಕಾರ್ಬುರೇಟರಿನಿಂದ ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್, ಕೆಳಗಿನಿಂದ ಕ್ಲಚ್, ಎರಡು ಗೇರ್ ಕೇಬಲ್, ಹಿಂದಿನ ಬ್ರೇಕ್ ಕೇಬಲ್ ಬಿಚ್ಚಿ. ಮ್ಯಾಗ್ನೆಟ್ ಹತ್ತಿರದ ಚಿಕ್ಕ ಪೆಟ್ಟಿಗೆಯಲ್ಲಿ ವೈರ್ ಬಿಡಿಸಿ. ಹಳೆಯ ಬ್ರೇಕ್ ಲೈನರಿನ ಧೂಳನ್ನು ಗಾಳಿ ಬಿಟ್ಟು ಊದಬೇಡಿ. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಾಡಿಗೆ ಕೆಳಗಿನಿಂದ ಗಟ್ಟಿ ಆಸರೆ ಕೊಟ್ಟ ಮೇಲೆ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆಯಿರಿ. ಕೊನೆಗೆ ಎಂಜಿನ್ ಬೋಲ್ಟ್. ಇದೇ ಸತಾಯಿಸುವುದು. ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೂ ಬೋಲ್ಟಿಗೂ ತುಕ್ಕಿನ ಬೆಸುಗೆ ಬಿದ್ದಿರುತ್ತದೆ. ಹಿಂದಿನ ದಿನವೇ ಎರಡೂ ಕಡೆ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿಡಿ. ಬೋಲ್ಟಿನ ತಲೆ ತಿರುಗಿಸಿ ಮೊದಲು ಅಲುಗಾಡಿಸಿ, ಆಮೇಲೆ ನಟ್ಟನ್ನು ತುದಿಗೆ ಅರ್ಧ ಹಾಕಿ ಅದರ ಮೇಲೆ ಹೊಡೆಯಿರಿ, ಬೋಲ್ಟಿನ ಮರೆ (ಥ್ರೆಡ್) ಹಾಳಾಗುವುದಿಲ್ಲ. ಎಂಜಿನ್ ಎತ್ತಲು ಇನ್ನೊಬ್ಬರು ಇರಲಿ.

ಹೊಸದನ್ನು ಏರಿಸುವುದು

ಹೊಸ ಬುಷ್ ಕೂರಿಸುವಾಗ ಸುತ್ತಿಗೆ ಬೇಡ. ಉದ್ದ ಬೋಲ್ಟು, ವಾಷರ್, ನಟ್ ಇಟ್ಟು ನಿಧಾನ ಎಳೆದು ಕೂರಿಸಿ. ಸೋಪಿನ ನೀರು ಹಚ್ಚಿದರೆ ರಬ್ಬರ್ ಸುಲಭವಾಗಿ ಜಾರುತ್ತದೆ. ಗ್ರೀಸ್ ರಬ್ಬರಿಗೆ ಹಚ್ಚಬೇಡಿ, ಬೋಲ್ಟಿಗೆ ಮಾತ್ರ ಹಚ್ಚಿ. ಮುಂದಿನ ಸಲ ಬಿಚ್ಚುವವರಿಗೆ ಉಪಕಾರ.

ಮುಂದಿನ ಬೋಲ್ಟ್ ಹಾಯಿಸಿ, ಹಿಂಭಾಗ ಎತ್ತಿ ಶಾಕ್ ಅಬ್ಸಾರ್ಬರ್ ಸೇರಿಸಿ. ಆದರೆ ಮುಂದಿನ ಬೋಲ್ಟನ್ನು ಈಗಲೇ ಪೂರ್ತಿ ಬಿಗಿ ಮಾಡಬೇಡಿ. ಬುಷ್ಷಿನ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಎಂಜಿನ್ ನೇತಾಡುತ್ತಿರುವಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಯಾವಾಗಲೂ ಆ ತಿರುಚಿನಲ್ಲೇ ಇದ್ದು ಬೇಗ ಹರಿಯುತ್ತದೆ. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಬ್ಬರು ಸೀಟಿನ ಮೇಲೆ ಕೂತಾಗ ಬಿಗಿ ಮಾಡಿ. ಪಿಎಕ್ಸ್‌ಗೆ ಬಿಗಿಯ (ಟಾರ್ಕ್) ಅಳತೆ 61ರಿಂದ 75 ನ್ಯೂಟನ್ ಮೀಟರ್. ಹಿಂದಿನ ಡ್ರಮ್ಮಿನ ದೊಡ್ಡ ನಟ್ 90ರಿಂದ 110, ಮ್ಯಾಗ್ನೆಟ್ ನಟ್ 60ರಿಂದ 65, ಚಕ್ರದ ನಟ್ಟುಗಳು 20ರಿಂದ 27. ಡ್ರಮ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆಯದನ್ನೇ ನೇರ ಮಾಡಿ ಹಾಕುವ ಜಿಪುಣತನ ಇಲ್ಲಿ ಬೇಡ.

ಈಗ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬಾಡಿಗೆ, ಸೈಲೆನ್ಸರಿಗೆ, ಸ್ಟಾಂಡಿಗೆ ಎಲ್ಲೂ ತಾಗಬಾರದು. ಇಬ್ಬರು ಕೂತು ಶಾಕ್ ಅಬ್ಸಾರ್ಬರ್ ಒತ್ತಿದಾಗಲೂ ತಾಗಬಾರದು. ಅದನ್ನು ಪರೀಕ್ಷಿಸಲು ಟೈರಿನ ಮೇಲೆ ಸೀಮೆಸುಣ್ಣ ಬಳಿದು ಗಾಡಿ ಕುಲುಕಿಸಿ. ಉಜ್ಜಿದ ಜಾಗದಲ್ಲಿ ಬಿಳಿ ಗುರುತು ಬೀಳುತ್ತದೆ.

ಕೇಬಲ್ಲುಗಳು

ಹಳೆಯ ಕೇಬಲ್ ಉಳಿಸಿಕೊಳ್ಳುವ ಆಸೆ ಬಿಡಿ. ಎಲ್ಲವೂ ಹೊಸದಿರಲಿ. ಗೇರ್ ಕೇಬಲ್ ಕೂರಿಸಲು ಹ್ಯಾಂಡಲನ್ನು ನ್ಯೂಟ್ರಲಿನಲ್ಲಿಡಿ, ಎಂಜಿನ್ನಿನ ಗೇರ್ ಸೆಲೆಕ್ಟರನ್ನೂ ನ್ಯೂಟ್ರಲಿನಲ್ಲಿಡಿ, ಆಮೇಲೆ ಎರಡೂ ಕೇಬಲ್ಲಿನ ಸಡಿಲು ತೆಗೆದು ಕ್ಲಾಂಪ್ ಬಿಗಿ ಮಾಡಿ. ಕಡೆಯ ಹೊಂದಾಣಿಕೆ ಅಡ್ಜಸ್ಟರಿನಲ್ಲಿ. ಮೊದಲನೇ ಗೇರಿನ ಜಾಗದಲ್ಲಿ ಎರಡನೆಯದು ಬೀಳುತ್ತಿದ್ದರೆ ಎರಡು ಕೇಬಲ್ ಅದಲುಬದಲಾಗಿವೆ ಅಂತ ಅರ್ಥ.

ವಿಬಿಎಯಂಥ ಮೂರು ಗೇರಿನ ಗಾಡಿಗೆ ನಾಲ್ಕು ಗೇರಿನ ಎಂಜಿನ್ ಹಾಕಿದರೆ ಹ್ಯಾಂಡಲಿನ ಮೇಲಿನ ಅಂಕಿಗಳು ಹೊಂದುವುದಿಲ್ಲ. ಗೇರಿನ ಕಚ್ಚು ಇರುವುದು ಎಂಜಿನ್ನಿನಲ್ಲಿ, ಹ್ಯಾಂಡಲಿನಲ್ಲಲ್ಲ. ಹಾಗಾಗಿ ಗೇರ್ ಬೀಳುವುದು ಬೀಳುತ್ತದೆ. ಹ್ಯಾಂಡಲ್ ಅಷ್ಟು ದೂರ ತಿರುಗುತ್ತದಾ, ಎಲ್ಲಾದರೂ ತಡೆಯುತ್ತದಾ ಎಂದು ಮಾತ್ರ ನೋಡಿಕೊಳ್ಳಿ.

ಕ್ಲಚ್ ಲಿವರ್ ತುದಿಯಲ್ಲಿ ಒಂದೆರಡು ಮಿ.ಮೀ. ಆಟ ಇರಲಿ. ಎಲ್ಲ ಕೇಬಲ್ಲೂ ಎಂಜಿನ್ ಮೇಲೆ ಕೆಳಗೆ ಆಡುವಷ್ಟು ಉದ್ದ ಇರಬೇಕು ಅನ್ನೋದು ಮರೆಯಬೇಡಿ.

ವೈರಿಂಗ್

ಇಲ್ಲಿ ಅವಸರ ಬೇಡ. ಹಳೆಯ ಗಾಡಿಯದು ಹೆಚ್ಚಾಗಿ 6 ವೋಲ್ಟ್, ಪಾಯಿಂಟ್ ಇರುವ ಇಗ್ನಿಷನ್. ಪಿಎಕ್ಸ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 12 ವೋಲ್ಟ್, ಸಿಡಿಐ, ಅಂದರೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್. ಶುರುವಿನ ಕೆಲವು ಪಿ ಸರಣಿಯ ಎಂಜಿನ್ನುಗಳಲ್ಲಿ ಪಾಯಿಂಟೇ ಇದೆ, ಕೊಳ್ಳುವಾಗ ನೋಡಿಕೊಳ್ಳಿ.

ಹಳೆಯ ವೈರಿಂಗಿಗೆ ಹೊಸ ಸ್ಟೇಟರ್ (ಮ್ಯಾಗ್ನೆಟ್ಟಿನ ಒಳಗಿನ ಕಾಯಿಲ್ ಪ್ಲೇಟ್) ಜೋಡಿಸಿ ಹೇಗೋ ನಡೆಸುವ ಬದಲು, ನಿಮ್ಮ ಬಾಡಿಗೆ ಹೊಂದುವ 12 ವೋಲ್ಟಿನ ಹೊಸ ವೈರಿಂಗ್ ಸೆಟ್ ಹಾಕಿಬಿಡಿ. ಹಳೆಯ ವೈರಿನ ಮೇಲಿನ ಹೊದಿಕೆ ಬಗ್ಗಿಸಿದರೆ ಉದುರುತ್ತಿರುತ್ತದೆ. ಹೊಸದನ್ನು ಎಳೆಯುವಾಗ ಹಳೆಯದರ ತುದಿಗೇ ಕಟ್ಟಿ ಎಳೆದರೆ ಫ್ರೇಮಿನೊಳಗೆ ದಾರಿ ಹುಡುಕುವ ಕಷ್ಟ ಇರುವುದಿಲ್ಲ. ಜೊತೆಗೆ ಒಂದು ನೈಲಾನ್ ದಾರವನ್ನೂ ಒಳಗೆ ಬಿಡಿ, ಮುಂದೆ ಬೇಕಾದಾಗ ಎಳೆಯಲು.

ಕೂರಿಸುವ ಮೊದಲು ಮಲ್ಟಿಮೀಟರ್ ಇಟ್ಟು ಸ್ಟೇಟರ್ ನೋಡಿ. ಪಿಎಕ್ಸ್‌ನಲ್ಲಿ ಬಿಳಿ ಮತ್ತು ಹಸಿರು ವೈರಿನ ನಡುವೆ ಸುಮಾರು 500 ಓಮ್ ಬರಬೇಕು, ಬಿಳಿ ಮತ್ತು ಕೆಂಪಿನ ನಡುವೆ ಸುಮಾರು 110. ಅದರ ಹತ್ತಿರಕ್ಕೂ ಇಲ್ಲದಿದ್ದರೆ ಕಾಯಿಲ್ ಹೋಗಿದೆ, ಅಥವಾ ಸ್ಟೇಟರಿನಿಂದ ಹೊರಬರುವ ಕಡೆ ವೈರ್ ಒಳಗೇ ಮುರಿದಿದೆ.

ರೆಗ್ಯುಲೇಟರ್ ಹಾಕದೆ ಲೈಟ್ ಹಚ್ಚಿ ಎಂಜಿನ್ ರೇಸ್ ಮಾಡಬೇಡಿ. ಬಲ್ಬುಗಳು ಒಂದರ ಹಿಂದೆ ಒಂದು ಹೋಗುತ್ತವೆ. ರೆಗ್ಯುಲೇಟರಿನ ಮೈಯೇ ಅರ್ಥ್ ಆಗಿರುವುದರಿಂದ ಅದು ಕೂರುವ ಜಾಗದಲ್ಲಿ ಪೇಂಟ್ ಕೆರೆಯಬೇಕು. ಎಂಜಿನ್ ರಬ್ಬರ್ ಬುಷ್ ಮೇಲೆ ನಿಂತಿದೆ, ಅಂದರೆ ಬಾಡಿಗೂ ಎಂಜಿನ್ನಿಗೂ ನಡುವೆ ರಬ್ಬರ್. ಹಾಗಾಗಿ ಎಂಜಿನ್ ಕೇಸಿನಿಂದ ಫ್ರೇಮಿಗೆ ಒಂದು ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಕಾರಣವೇ ಇಲ್ಲದೆ ಲೈಟ್ ಮಂಕಾಗುವುದು, ಮಿಸ್ಸಿಂಗ್ ಬರುವುದು, ಇವಕ್ಕೆಲ್ಲ ಮೊದಲು ನೋಡಬೇಕಾದದ್ದು ಇದೇ ವೈರು.

ಇನ್ನು ಕಿಲ್ ವೈರ್. ಸಿಡಿಐ ಎಂಜಿನ್ ಆಫ್ ಆಗುವುದು ಹಸಿರು ವೈರನ್ನು ಅರ್ಥಿಗೆ ತಾಗಿಸಿದಾಗ. ಬ್ಯಾಟರಿ ಇರುವ ಹಳೆಯ ಕೆಲವು ಗಾಡಿಗಳಲ್ಲಿ ಕೀ ತಿರುಗಿಸಿದರೆ ಬ್ಯಾಟರಿ ಕರೆಂಟು ಹೊರಗೆ ಹೋಗುತ್ತದೆ. ಆ ಕೀಯ ವೈರನ್ನು ಸಿಡಿಐಗೆ ಕೊಟ್ಟರೆ ಸಿಡಿಐ ಅಲ್ಲಿಗೇ ಮುಗಿಯಿತು. ಕೀ ತೆರೆದಾಗ ಏನಾಗುತ್ತದೆ, ಮುಚ್ಚಿದಾಗ ಏನಾಗುತ್ತದೆ ಎಂದು ಮೀಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡೇ ಜೋಡಿಸಿ.

ಬ್ರೇಕ್ ಲೈಟ್ ಸ್ವಿಚ್ಚೂ ಹಾಗೇ. ಕೆಲವು ಹಳೆಯ ಮಾದರಿಗಳಲ್ಲಿ ಅದು ಉಲ್ಟಾ. ಪೆಡಲ್ ಒತ್ತದೆ ಇದ್ದಾಗ ಸಂಪರ್ಕ ಇರುತ್ತದೆ, ಒತ್ತಿದಾಗ ತಪ್ಪುತ್ತದೆ. ಹೊಸ ವೈರಿಂಗಿಗೆ ಹೊಂದುವ ಸ್ವಿಚ್ ಹಾಕಿ. ಬಲ್ಬುಗಳೆಲ್ಲ 12 ವೋಲ್ಟಿನವಾಗಲಿ. ಹಾರ್ನ್ ಎಸಿಯದ್ದಾ ಡಿಸಿಯದ್ದಾ ನೋಡಿ, ಬ್ಯಾಟರಿ ಇಲ್ಲದ ವೈರಿಂಗಿನಲ್ಲಿ ಡಿಸಿ ಹಾರ್ನ್ ಸರಿಯಾಗಿ ಕೂಗುವುದಿಲ್ಲ.

ಟೈಮಿಂಗ್, ಅಂದರೆ ಪಿಸ್ಟನ್ ಮೇಲಿನ ತುದಿ ತಲುಪುವ ಎಷ್ಟು ಮೊದಲು ಕಿಡಿ ಬೀಳಬೇಕು ಎಂಬುದು, ಪಿಎಕ್ಸ್ 125 ಮತ್ತು 150ಕ್ಕೆ 18 ಡಿಗ್ರಿ, 200ಕ್ಕೆ 23 ಡಿಗ್ರಿ. ಸ್ಟೇಟರ್ ಪ್ಲೇಟಿನಲ್ಲೇ ಗುರುತುಗಳಿವೆ. ಮ್ಯಾಗ್ನೆಟ್ ಎದುರು ನಿಂತು ನೋಡಿದರೆ ಅದು ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಪ್ಲೇಟನ್ನು ಅದರ ವಿರುದ್ಧ ತಿರುಗಿಸಿದರೆ ಕಿಡಿ ಮುಂಚೆ ಬೀಳುತ್ತದೆ. ಗುರುತಿಗೆ ಕೂರಿಸಿ, ಸ್ಟಾರ್ಟ್ ಆದ ಮೇಲೆ ಸ್ಟ್ರೋಬ್ ಲೈಟಿನಲ್ಲಿ ನೋಡಿದರೆ ಮನಸ್ಸಿಗೆ ಸಮಾಧಾನ.

ಪೆಟ್ರೋಲ್, ಗಾಳಿ, ತಂಪು

ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದಲೇ, ಪಂಪ್ ಇಲ್ಲ. ಪೈಪ್ ಉದ್ದವಾಗಿ ಎಲ್ಲಾದರೂ ಮೇಲಕ್ಕೆ ಬಾಗಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಜೋರಾಗಿ ಓಡಿಸುವಾಗ ಎಂಜಿನ್ ನಿಲ್ಲುತ್ತದೆ. ಟ್ಯಾಂಕ್ ಕೂರಿಸುವಾಗ ಪೈಪ್ ಮಡಚಿಕೊಳ್ಳುವುದೂ ಮಾಮೂಲಿ. ಪೈಪ್ ಸರಿಯಾದ ಉದ್ದಕ್ಕೆ ಕತ್ತರಿಸಿ, ಕಾರ್ಬುರೇಟರ್ ಕಡೆ ಬಿಚ್ಚಿ ಪೆಟ್ರೋಲ್ ಧಾರೆಯಾಗಿ ಬೀಳುತ್ತದಾ ನೋಡಿ.

ಕಾರ್ಬುರೇಟರ್ ಡಬ್ಬಿಗೂ ಫ್ರೇಮಿಗೂ ನಡುವಿನ ರಬ್ಬರ್ ತೋಳು ಹರಿದಿರಬಾರದು. ಎಂಜಿನ್ ಮೇಲಿನ ತಗಡಿನ ಹೊದಿಕೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಮ್ಯಾಗ್ನೆಟ್ಟಿನ ರೆಕ್ಕೆಗಳು ಊದುವ ಗಾಳಿ ಹೆಡ್ ಮೇಲೆ ಹಾಯುವುದು ಆ ಹೊದಿಕೆ ಇದ್ದರೆ ಮಾತ್ರ. ‘ಒಂದೇ ನಿಮಿಷ ಸ್ಟಾರ್ಟ್ ಮಾಡಿ ನೋಡ್ತೀನಿ’ ಎಂದು ಹೊದಿಕೆ ಇಲ್ಲದೆ ಓಡಿಸುವ ಅಭ್ಯಾಸ ಒಳ್ಳೆಯದಲ್ಲ.

ಗೇರ್‌ಬಾಕ್ಸಿಗೆ ಎಸ್‌ಎಇ 30 ಆಯಿಲ್, 250 ಎಂಎಲ್.

ಮೊದಲ ಸ್ಟಾರ್ಟ್

ಪ್ಲಗ್ ಬಿಚ್ಚಿ, ಗ್ಯಾಪ್ 0.6 ಮಿ.ಮೀ. ಇಟ್ಟು, ಕ್ಯಾಪಿಗೆ ಹಾಕಿ ಎಂಜಿನ್ ಮೈಗೆ ತಾಗಿಸಿ ಹಿಡಿದು ಕಿಕ್ ಮಾಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ನೀಲಿ ಕಿಡಿ ಬಂದರೆ ಸರಿ. ಪ್ಲಗ್ಗನ್ನು ಗಾಳಿಯಲ್ಲಿ ನೇತಾಡಿಸಿ ಕಿಕ್ ಮಾಡಬೇಡಿ, ಹೊರಗೆ ಹೋಗಲು ದಾರಿ ಸಿಗದ ಕರೆಂಟು ಸಿಡಿಐಯನ್ನೇ ಸುಡಬಹುದು.

ಐಡ್ಲಿಂಗ್ ಮಿಶ್ರಣದ ಸ್ಕ್ರೂವನ್ನು ಪೂರ್ತಿ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ ತನ್ನಿ. ಚೋಕ್ ಎಳೆದು ಕಿಕ್ ಮಾಡಿ. ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ಬಿಟ್ಟರೂ ಸದ್ದು ಏರುತ್ತಲೇ ಹೋದರೆ ತಕ್ಷಣ ಕಿಲ್ ಮಾಡಿ. ಅದು ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿರಬೇಕು, ಇಲ್ಲ ಎಲ್ಲೋ ಗಾಳಿ ಎಳೆಯುತ್ತಿರಬೇಕು. ಕೇಬಲ್ ಸಲೀಸಾಗಿದ್ದರೆ ಮತ್ತೆ ಲೀಕ್ ಟೆಸ್ಟ್.

ಇನ್ನು ಜೆಟ್ಟುಗಳ ವಿಷಯ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಅಳೆದು ಬಿಡುವ ತೂತಿನ ತುಂಡುಗಳು. ಎಂಜಿನ್ ಮೂಲ ಸ್ಥಿತಿಯಲ್ಲಿದ್ದು, ಸೈಲೆನ್ಸರೂ ಮೂಲದ್ದೇ ಆಗಿದ್ದರೆ ಕಂಪನಿ ಕೊಟ್ಟ ಜೆಟ್ ಸಾಕು. ಪಿಎಕ್ಸ್ 200ರ ಎಸ್‌ಐ 24/24 ಕಾರ್ಬುರೇಟರಿನಲ್ಲಿ ಅದು 160 ಏರ್ ಜೆಟ್, ಬಿಇ3 ಟ್ಯೂಬ್, 116 ಮೇನ್ ಜೆಟ್ ಸುತ್ತಮುತ್ತ ಇರುತ್ತದೆ. ಸೈಲೆನ್ಸರ್ ಬದಲಿಸಿದರೆ ಮೇನ್ ಜೆಟ್ ಸ್ವಲ್ಪ ದೊಡ್ಡದರಿಂದ ಶುರುಮಾಡಿ, ಆಮೇಲೆ ಇಳಿಸುತ್ತಾ ಬನ್ನಿ. ಕಡಿಮೆಯಿಂದ ಶುರುಮಾಡಿ ಏರಿಸಿದರೆ ಅಷ್ಟರಲ್ಲಿ ಪಿಸ್ಟನ್ನೇ ಹೋಗಿರುತ್ತದೆ. ಜೋರಾಗಿ ಓಡಿಸುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ನೋಡಿ. ಕಂದು ಬಣ್ಣ ಇದ್ದರೆ ಸರಿ. ಬಿಳಿಯಾಗಿದ್ದರೆ ತೆಳು ಮಿಶ್ರಣ, ಅಪಾಯ. ಒದ್ದೆ ಕಪ್ಪಾದರೆ ಪೆಟ್ರೋಲ್ ಜಾಸ್ತಿ.

ಬ್ರೇಕ್ ಮರೆತು ಹೊರಡಬೇಡಿ

ಎಂಜಿನ್ ಜೊತೆ ಹಿಂದಿನ ಬ್ರೇಕ್ ತಾನಾಗಿ ಹೊಸದಾಗುತ್ತದೆ. ಮುಂದಿನದು ಹಳೆಯದೇ ಉಳಿಯುತ್ತದೆ. ಹೊಸ ಲೈನರ್, ಹೊಸ ಕೇಬಲ್, ಗ್ರೀಸ್ ಹಚ್ಚಿದ ಲಿವರ್, ಇಷ್ಟು ಕನಿಷ್ಠ. ಡ್ರಮ್ಮಿನ ಒಳಗೆ ಗೆರೆ ಬಿದ್ದಿದ್ದರೆ ಲೇತಿನಲ್ಲಿ ಸಮ ಮಾಡಿಸಿ. 200 ಎಂಜಿನ್ ಹಾಕಿದವರು ಪಿಎಕ್ಸ್‌ನ ಡಿಸ್ಕ್ ಫೋರ್ಕ್ ಬಗ್ಗೆ ಯೋಚಿಸಬಹುದು. ಪಿಎಕ್ಸ್‌ಗೆ ಡಿಸ್ಕ್ ಬಂದದ್ದು 1998ರಲ್ಲಿ. ಹಳೆಯ ಫ್ರೇಮಿಗೆ ಅದನ್ನು ಹೊಂದಿಸುವುದು ಬೇರೆಯದೇ ಕೆಲಸ. ಫೋರ್ಕಿನ ಉದ್ದ, ಬೇರಿಂಗ್, ಹ್ಯಾಂಡಲ್ ಲಾಕ್ ಮೂರೂ ಅಳೆಯಬೇಕು.

ಮೊದಲ ಓಟ ಹತ್ತಿರದಲ್ಲೇ ಇರಲಿ, ಟ್ರಾಫಿಕ್ ಇಲ್ಲದ ಕಡೆ. ವಾಪಸ್ ಬಂದು ಎಂಜಿನ್ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, 125 ಮತ್ತು 150ರಲ್ಲಿ 13ರಿಂದ 18, 200ರಲ್ಲಿ 17ರಿಂದ 22 ನ್ಯೂಟನ್ ಮೀಟರಿಗೆ ಮತ್ತೊಮ್ಮೆ ನೋಡಿ. ಸೈಲೆನ್ಸರ್ ಕ್ಲಾಂಪ್, ಎಂಜಿನ್ ಬೋಲ್ಟ್, ಡ್ರಮ್ ನಟ್ ಕೂಡ. ಗೇರ್ ಕೇಬಲ್ಲುಗಳು ಹೊಸದರಲ್ಲಿ ಎಳೆದುಕೊಂಡು ಸಡಿಲಾಗಿರುತ್ತವೆ, ಅಡ್ಜಸ್ಟರಿನಲ್ಲಿ ಸರಿಮಾಡಿ. ಹೊಸ ಪಿಸ್ಟನ್ ಹಾಕಿಸಿದ್ದರೆ ಮೊದಲ 500 ಕಿ.ಮೀ. ಪೂರ್ತಿ ಆಕ್ಸಿಲರೇಟರ್ ಎಳೆಯಬೇಡಿ, ಒಂದೇ ವೇಗದಲ್ಲಿ ಉದ್ದಕ್ಕೂ ಓಡಿಸಲೂ ಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಆಯಿಲ್ ಬೆರೆತ ಪೆಟ್ರೋಲ್ ಒಳಗೆ ಹೋಗುವುದೇ ಕಡಿಮೆ. ಆಗಾಗ ಸ್ವಲ್ಪ ಎಳೆದು ಬಿಡಿ. ಆ 500 ಕಿ.ಮೀ. ಆದ ಮೇಲೆ ಗೇರ್ ಆಯಿಲ್ ಬಿಸಿಯಿರುವಾಗಲೇ ಇಳಿಸಿ, ಒಂದು ಬಿಳಿ ಬಟ್ಟಲಲ್ಲಿ ಹಿಡಿದು ನೋಡಿ. ನುಣ್ಣನೆ ಬೂದು ಪುಡಿ ಇದ್ದರೆ ಮಾಮೂಲಿ. ಹಲ್ಲಿನ ಚೂರು, ಹೊಳೆಯುವ ತುಂಡು ಸಿಕ್ಕರೆ ಮತ್ತೆ ಓಡಿಸುವ ಮೊದಲು ಕೇಸ್ ಬಿಚ್ಚಬೇಕು.